ನೀಲಿ ಬಾಗಿಲಿನ ಹಾಡು

ನೊರೆ ಕಿವಿಯ ಹಿಂದೆ ಇಳಿಯುತ್ತಿದೆ, ಒರೆಸಬೇಕು, ಟೀಚರಮ್ಮನ ಕೂದಲು ಎಷ್ಟು ತೆಳ್ಳಗಾಗಿದೆ, ಬೇಸಿನ್ನಿನ ಅಂಚಿಗೆ ಕತ್ತು ಒರಗಿಸಿ ಕಣ್ಣು ಮುಚ್ಚಿದ್ದಾರೆ, ಮುಚ್ಚಿದ ರೆಪ್ಪೆಯಿಂದ ನೀರು ಜಾರುತ್ತಿದೆ, ಶಾಂಪೂ ಕಣ್ಣಿಗೆ ಹೋಯಿತೇನೋ ಎಂದು ಟವೆಲ್ ಹಿಡಿದರೆ, ಅಲ್ಲಮ್ಮ, ಈ ಹಾಡು, ಅನ್ನುತ್ತಾರೆ, ಎಂಥ ಗಂಟಲು ನೋಡು, ಯಾರನ್ನೋ ಕಳ್ಕೊಂಡಿರೋ ಗಂಟಲು — ಹೌದು ಟೀಚರ್, ನೀರು ತೀರಾ ಬಿಸಿ ಆಯ್ತಾ ಹೇಳಿ. ಆ ಗಂಟಲು ಬೆಳಗ್ಗೆ ಬಾಯಿ ಮುಕ್ಕಳಿಸುವಾಗ ಹೇಗೆ ಕೇಳಿಸುತ್ತದೆಂದು ನನಗೆ ಗೊತ್ತು, ಬಾಗಿಲ ಆಚೆ ನಿಂತು ಉಸಿರು ಬಿಗಿಹಿಡಿದಾಗ ಹೇಗೆ ಕೇಳಿಸುವುದಿಲ್ಲ ಎಂದೂ ಗೊತ್ತು. ಇಲ್ಲಿ ಯಾರಿಗೂ ಗೊತ್ತಿಲ್ಲ, ಇವನು ನನ್ನ ಗಂಡನಾಗಿದ್ದವನು ಅಂತ. ಆಲ್ಬಮ್ ಬಂದು ವಾರವಾಗಿಲ್ಲ, ಪಾರ್ಲರಿನ ಅಕ್ಕ ಬೆಳಗಿನಿಂದ ಅದನ್ನೇ ಹಾಕಿದ್ದಾಳೆ, ಬ್ಲೂಸ್ ಕಣ್ರೇ, ದುಃಖದ ಹಾಡು, ಕೇಳಿ ಕೇಳಿ, ನನ್ನ ಗಂಡ ಒಂದು ದಿನ ಹೀಗೆ ನನಗೋಸ್ಕರ ಅತ್ತಿದ್ರೆ ಈ ಅಂಗಡಿನೇ ಅವನ ಹೆಸರಿಗೆ ಬರೆದುಕೊಡ್ತಿದ್ದೆ, ಕೂದಲಿಗೆ ಬಣ್ಣ ಹಚ್ಚುವ ಹುಡುಗಿ ಮುಖ ಸಿಂಡರಿಸುತ್ತಾಳೆ, ಪಂಕ್ಚರ್ ಆದ ಸೈಕಲ್ ತಳ್ಕೊಂಡು ಹೋದ ಹಾಗಿದೆ ಅಕ್ಕ, ಸ್ವಲ್ಪ ಕುಣಿಯೋ ಥರದ್ದು ಹಾಕು, ಹೆಂಡತಿಗಾಗಿ ಕಾಯುತ್ತಾ ಕುಳಿತ ಗಂಡಸು ಪತ್ರಿಕೆಯ ಮೇಲಿನಿಂದ ಇಣುಕಿ, ಗಂಟಲಲ್ಲಿ ಜಲ್ಲಿಕಲ್ಲು ಸಿಕ್ಕಿಕೊಂಡಿದೆ ಪಾಪ, ಯಾರಾದ್ರೂ ಬೆನ್ನಿಗೆ ಗುದ್ದಿ, ಅನ್ನುತ್ತಾನೆ, ಎಲ್ಲರೂ ನಗುತ್ತಾರೆ, ನಾನೂ ನಕ್ಕೆನೇ, ನಕ್ಕಿರಬೇಕು, ಕನ್ನಡಿಯಲ್ಲಿ ನನ್ನ ಹಲ್ಲು ಕಾಣಿಸಿತು.

ನಾಲ್ಕನೆಯ ಹಾಡು ಶುರುವಾಯಿತು, ಗಿಟಾರಿನ ತಂತಿಯ ಮೇಲೆ ಏನನ್ನೋ ಉಜ್ಜಿ ಎಳೆಯುತ್ತಾನೆ, ನಾಯಿ ಗೋಳಿಟ್ಟ ಹಾಗೆ, ಆಮೇಲೆ ಗಂಟಲು — ನೀಲಿ ಬಾಗಿಲ ಮುಂದೆ ನಿಂತಿದ್ದೇನೆ ಅನ್ನುತ್ತಾನೆ, ಮೂರು ಮೆಟ್ಟಿಲು, ಕೆಳಗಿನದು ಒಡೆದಿದೆ, ಕಿಟಕಿಗೆ ನಿಂಬೆ ಬಣ್ಣದ ಪರದೆ, ಒಳಗೆ ನೀನಿದ್ದೀಯ ಅನ್ನುತ್ತಾನೆ. ಟೀಚರಮ್ಮ ನಿಟ್ಟುಸಿರು ಬಿಡುತ್ತಾರೆ, ನೀಲಿ ಅಂದ್ರೆ ದುಃಖ ಅಲ್ವೇನಮ್ಮ, ಒಡೆದ ಮೆಟ್ಟಿಲು ಅಂದ್ರೆ ಒಡೆದ ಮನಸ್ಸು, ಎಷ್ಟು ಚೆನ್ನಾಗಿ ಕಟ್ಟಿದ್ದಾನೆ. ಕಟ್ಟಿಲ್ಲ ಟೀಚರ್. ಆ ಬಾಗಿಲಿಗೆ ನಾನೂ ಪುಟ್ಟಿಯೂ ಸೇರಿ ಬಣ್ಣ ಹೊಡೆದದ್ದು, ನನ್ನ ಮಗಳು ಮೂಗಿಗೂ ಬಳಿದುಕೊಂಡಿದ್ದಳು, ಪರದೆ ನಾನೇ ಹೊಲಿದದ್ದು, ಅವನನ್ನು ಬಿಟ್ಟು ಈ ಊರಿಗೆ ಬಂದ ಮೇಲೆ, ಅವನು ಕಾಣದ ಊರು, ಕಾಣದ ಬೀದಿ. ನೀರು ತಣ್ಣಗಾಯ್ತಲ್ಲಮ್ಮ, ಅನ್ನುತ್ತಿದ್ದಾರೆ, ಕೈ ನಲ್ಲಿಯ ಮೇಲೆಯೇ ನಿಂತಿದೆ. ಅವನು ಒಂದು ಸಲವೂ ಹೊಡೆದವನಲ್ಲ. ಒಂದು ಸಂಜೆ ಗಿಟಾರಿನ ಹಳೆಯ ತಂತಿ ಬಿಚ್ಚಿ, ಕೊಡು ಕೈ ಎಂದು, ನನ್ನ ಬೆರಳಿಗೆ ಸುತ್ತಿದ, ಸುತ್ತಿ ಸುತ್ತಿ ಎಳೆದ, ಬೆರಳು ಮೊದಲು ಕೆಂಪಾಯಿತು, ಆಮೇಲೆ ಬಿಳಿ, ನೋಡು, ಎಷ್ಟು ಸಣ್ಣ ತಂತಿ, ಎಂದು ನಕ್ಕ, ಮೆತ್ತಗೆ ಬಿಚ್ಚಿದ, ಬೆರಳಿಗೆ ಮುತ್ತು ಕೊಟ್ಟ. ಇದನ್ನು ಯಾರಿಗೆ ಹೇಳುವುದು, ಅಮ್ಮನಿಗೆ ಹೇಳಿದ್ದೆ, ತಮಾಷೆಗೆ ಮಾಡಿರ್ತಾನೆ ಬಿಡೇ, ಅಂದಿದ್ದಳು.

ಹಿಂದಿನ ಕೋಣೆ, ಟವೆಲ್ಲುಗಳ ರಾಶಿ, ಫೋನು ಕಿವಿಗೆ ಒತ್ತಿಕೊಂಡಿದ್ದೇನೆ, ಅಮ್ಮ, ಅವನಿಗೆ ನನ್ನ ಮನೆ ಯಾರು ಹೇಳಿದ್ದು? ಆ ಕಡೆಯೂ ಅದೇ ಹಾಡು, ಅಮ್ಮನೂ ಕೇಳುತ್ತಿದ್ದಾಳೆ, ಪಾಪ ಕಣೇ, ಎಷ್ಟು ಕೊರಗಿದಾನೆ, ಊರೆಲ್ಲ ಕೇಳೋ ಹಾಗೆ ಅಳ್ತಿದಾನೆ, ನಿನ್ನೆದೆ ಕಲ್ಲೇನೇ? ಅಮ್ಮ, ಯಾರು ಹೇಳಿದ್ದು? ಹಾಡು ಬರೆಯೋಕೆ ಬೇಕು ಅಂದ, ಮನೆ ಹೇಗಿದೆ ಅಂತ ಕೇಳಿದ, ಹೇಳ್ದೆ, ಅದರಲ್ಲೇನು ತಪ್ಪು, ಮಗಳ ಅಪ್ಪ ಅಲ್ವಾ. ನಾನು ಈಗಲೇ ಮನೆಗೆ ಹೋಗ್ತೀನಿ, ಪುಟ್ಟಿ ಸ್ಕೂಲಿಂದ ಬಂದಿರ್ತಾಳೆ, ಒಬ್ಬಳೇ ಇರ್ತಾಳೆ, ಅಂದೆ, ಹೋಗು ಹೋಗು, ಒಳ್ಳೇದೇ ಆಯ್ತು, ಅಂದಳು ಅಮ್ಮ, ಒಳ್ಳೇದೇ ಆಯ್ತು ಅಂದದ್ದೇಕೆ ಎಂದು ಆಗ ಹೊಳೆಯಲಿಲ್ಲ, ಏಪ್ರನ್ ಬಿಚ್ಚಲೂ ಇಲ್ಲ, ಏ ಎಲ್ಲಿಗೆ, ಅಕ್ಕ ಕೂಗುತ್ತಿದ್ದಳು. ಬೀದಿಯಲ್ಲಿ ಬಿಸಿಲು, ಔಷಧಿ ಅಂಗಡಿಯಲ್ಲಿ ಅದೇ ಗಂಟಲು, ನಿಂತ ಕಾರೊಂದರ ಕಿಟಕಿಯಿಂದ ಅದೇ ಗಂಟಲು, ಒಳಗಿದ್ದವನು ಸ್ಟೀರಿಂಗಿನ ಮೇಲೆ ತಾಳ ಹಾಕುತ್ತಿದ್ದಾನೆ, ಊರಿಗೆ ಊರೇ ನನ್ನ ಮನೆಯ ದಾರಿ ಬಾಯಿಪಾಠ ಮಾಡುತ್ತಿದೆ.

ಬಾಗಿಲಿಗೆ ಒಳಗಿನಿಂದ ಚಿಲಕ ಹಾಕಿಲ್ಲ, ಪುಟ್ಟಿ ಅಡುಗೆಮನೆಯ ಮೇಜಿನ ಮುಂದೆ ಕಾಲಾಡಿಸುತ್ತಾ ಕುಳಿತಿದ್ದಾಳೆ, ಗುನುಗುತ್ತಿದ್ದಾಳೆ, ಜೀವ ಬಂತು, ಬಂದ ಜೀವ ಅಲ್ಲೇ ನಿಂತಿತು, ಆ ರಾಗ, ಅವನದೇ ರಾಗ, ಆದರೆ ಬೆಳಗಿನಿಂದ ಇಡೀ ಆಲ್ಬಮ್ ಎಷ್ಟು ಸಲ ಕೇಳಿದ್ದೇನೆ, ಇದು ಅದರಲ್ಲಿಲ್ಲ. ಯಾವ ಹಾಡೇ ಅದು? ಇದಿನ್ನೂ ಬಂದಿಲ್ಲಮ್ಮ, ಮುಂದಿನದ್ರಲ್ಲಿ ಬರುತ್ತೆ. ನಿನಗೆ ಯಾರು ಹೇಳಿಕೊಟ್ಟದ್ದು? ತುಟಿ ಕಚ್ಚಿಕೊಂಡಳು, ಕಣ್ಣು ಮಲಗುವ ಕೋಣೆಯ ಕಡೆ ಓಡಿತು, ಆ ಕೋಣೆಯ ಬಾಗಿಲು ನಾನು ಎಂದೂ ಮುಚ್ಚುವುದಿಲ್ಲ, ಈಗ ಮುಚ್ಚಿದೆ, ನಿನಗೆ ಸರ್‌ಪ್ರೈಸ್ ಅಂತಮ್ಮ, ಹೇಳ್ಬೇಡ ಅಂದ್ರು ಅಪ್ಪ, ದಿನಾ ಸ್ಕೂಲಿನ ಹತ್ರ ಬರ್ತಾರೆ, ಒಳ್ಳೇವ್ರಮ್ಮ ಅವ್ರು, ನೀನ್ಯಾಕೆ ಹೀಗೆ ನೋಡ್ತೀಯಾ — ಒಳಗೆ ತಂತಿ ಬಿಗಿ ಮಾಡುವ ಸದ್ದು, ಸ್ವರ ಸ್ವಲ್ಪ ಸ್ವಲ್ಪವೇ ಏರುತ್ತಿದೆ, ಅವಸರವೇ ಇಲ್ಲ ಅವನಿಗೆ. ಮೇಜಿನ ಮೇಲೆ ಎರಡು ಲೋಟ. ಒಂದರಲ್ಲಿ ಅರ್ಧ ಟೀ. ಇನ್ನೊಂದು ತುಂಬಿದ ಲೋಟ, ಮೇಲೆ ತಟ್ಟೆ ಮುಚ್ಚಿದೆ, ಅಂಚಿನಿಂದ ಆವಿ ನುಸುಳುತ್ತಿದೆ. ಪುಟ್ಟಿ ಟೀ ಕುಡಿಯುವುದಿಲ್ಲ. ಅವಳ ರಟ್ಟೆ ಹಿಡಿದೆ, ಚಪ್ಪಲಿ ಅಮ್ಮ, ಚಪ್ಪಲಿ, ಬಾಯಿಗೆ ಕೈ ಅಡ್ಡ ಇಟ್ಟು ಎತ್ತಿಕೊಂಡೆ, ಇಷ್ಟು ದೊಡ್ಡವಳನ್ನು ಎತ್ತಿ ಎಷ್ಟು ಕಾಲವಾಗಿತ್ತು, ಒಡೆದ ಮೆಟ್ಟಿಲಲ್ಲಿ ಕಾಲು ಹೊರಳಿತು, ನಿಲ್ಲಲಿಲ್ಲ, ಹಿಂದೆ ಯಾರೂ ಓಡಿಬರಲಿಲ್ಲ, ಅದಕ್ಕೇ ಹೆಚ್ಚು ಭಯವಾಯಿತು.

ಈಗ ಪೊಲೀಸ್ ಠಾಣೆಯ ಬೆಂಚು, ಪುಟ್ಟಿ ಬಿಕ್ಕಿ ಬಿಕ್ಕಿ ನನ್ನ ಏಪ್ರನ್ನಿನ ಮೇಲೆ ನಿದ್ದೆ ಹೋಗಿದ್ದಾಳೆ, ಅಂಗಾಲು ಕಪ್ಪಾಗಿದೆ, ಪೊಲೀಸಿನವರು ಕೆಟ್ಟವರಲ್ಲ, ಮಗುವಿಗೆ ನೀರು ತರಿಸಿದರು, ಗಂಡನ ಹೆಸರು ಕೇಳಿದರು, ಹೇಳಿದೆ, ಮುಖ ಅರಳಿತು, ಅವ್ರಾ, ಆ ನೀಲಿ ಬಾಗಿಲು ಅವ್ರಾ, ನಮ್ಮನೇಲಿ ಅದನ್ನ ಹಾಕ್ದೆ ಒಲೆ ಹಚ್ಚಲ್ಲ ಕಣಮ್ಮ, ಆ ಹೆಂಗಸು ನೀವೇನಾ, ಪುಣ್ಯವಂತೆ, ಸರಿ, ಹೇಳಿ, ಹೊಡೆದ್ರಾ? ಇಲ್ಲ. ಬೈದ್ರಾ? ಇಲ್ಲ. ಬಾಗಿಲು ಮುರಿದ್ರಾ? ಮಗಳೇ ತೆಗೆದಳು. ಮತ್ತೆ ಏನಮ್ಮ ಮಾಡಿದ್ರು? ಏನು ಮಾಡಿದ, ಟೀ ಮಾಡಿದ, ನಾನು ಬರುವ ಹೊತ್ತಿಗೆ ಸರಿಯಾಗಿ, ಅದನ್ನು ಹೇಗೆ ಹೇಳಲಿ, ನಾನು ದಿನವೂ ಮನೆ ತಲುಪುವುದು ದೀಪ ಹೊತ್ತಿದ ಮೇಲೆ, ಇವತ್ತು ಮಾತ್ರ ಮಧ್ಯಾಹ್ನ ಎದ್ದು ಬಂದೆ, ಗೊತ್ತಿದ್ದದ್ದು ಅಮ್ಮನಿಗೊಬ್ಬಳಿಗೇ, ಒಳ್ಳೇದೇ ಆಯ್ತು ಅಂದಳು, ಅಮ್ಮ, ಯಾರಿಗೆ ಫೋನ್ ಮಾಡಿದೆ, ಹೋಗಲಿಕ್ಕೆ ಇನ್ನು ನಿನ್ನ ಮನೆಯೂ ಇಲ್ಲವಲ್ಲ — ಹೇಳಮ್ಮ, ಅನ್ನುತ್ತಿದ್ದಾರೆ, ಪೆನ್ನು ಹಿಡಿದು ಕಾಯುತ್ತಿದ್ದಾರೆ, ಕಾಯುತ್ತಾ ತಮಗೇ ತಿಳಿಯದೆ ಗುನುಗುತ್ತಿದ್ದಾರೆ, ನನಗೆ ಮೇಜು ಕಾಣಿಸುತ್ತದೆ, ಎರಡನೆಯ ಲೋಟ, ತಟ್ಟೆ ಮುಚ್ಚಿದ ಲೋಟ, ಕಣ್ಣು ಮುಚ್ಚಿದರೂ ಅದೇ, ನನಗಾಗಿ ಬಗ್ಗಿಸಿಟ್ಟ ಲೋಟ, ಅಂಚಿನಿಂದ ನುಸುಳುವ ಆವಿ, ಇನ್ನೂ ಆರಿಲ್ಲ, ಆವಿ,