ಆರು ರೊಟ್ಟಿಯ ಸಪ್ಪಳ

ಹಿತ್ತಲ ಬಾಗಿಲಿನಿಂದ ನೋಡಿದರೆ ಆ ಅಡುಗೆಮನೆ ಹೀಗೆ ಕಾಣುತ್ತಿತ್ತು. ಸೆಗಣಿಯಿಂದ ಸಾರಿಸಿದ ನೆಲದ ಎಡಬದಿಗೆ ಎರಡು ಬಾಯಿಯ ಮಣ್ಣಿನ ಒಲೆ. ಒಂದು ಬಾಯಿ ಮಾತ್ರ ಕಪ್ಪಾಗಿತ್ತು. ಇನ್ನೊಂದು, ಎಷ್ಟೋ ದಿನದಿಂದ ಬೆಂಕಿ ಕಾಣದೆ, ತನ್ನ ಮಣ್ಣಿನ ಬಣ್ಣಕ್ಕೆ ಮೆಲ್ಲಗೆ ಮರಳುತ್ತಿತ್ತು. ಒಲೆಯ ಮೇಲೆ ಬೋರಲು ಹಾಕಿದ ಕಬ್ಬಿಣದ ಹಂಚು. ಗೋಡೆಗೆ ಒರಗಿಸಿಟ್ಟ, ರೊಟ್ಟಿ ಬಡಿಯುವ ಕಟ್ಟಿಗೆಯ ಹಲಗೆ. ಅದರ ನಡುವೆ ಎರಡು ಅಂಗೈಯಷ್ಟು ಜಾಗ ಸವೆದು ತಗ್ಗಾಗಿತ್ತು. ಆ ತಗ್ಗಿನಲ್ಲಿ ಸಂಜೆಯ ಬೆಳಕು ಯಾರೋ ಮರೆತುಹೋದ ನೀರಿನಂತೆ ನಿಂತಿತ್ತು. ಮೇಲಿನ ತೊಲೆಯಿಂದ ಇಳಿಬಿಟ್ಟ ನೆಲುವಿನಲ್ಲಿ ಒಂದು ಗಡಿಗೆ. ಅದರ ಬಾಯಿಗೆ ತೊಳೆದು ತೊಳೆದು ತೆಳುವಾದ ಅರಿವೆ. ಗೋಡೆಯ ಗೂಡಿನಲ್ಲಿ ಉಪ್ಪು, ಕೆಂಪುಖಾರ, ಮತ್ತು ಅರ್ಧ ಉಳ್ಳಾಗಡ್ಡಿ. ಒಣಗಬಾರದೆಂದು ಕೊಯ್ದ ಮುಖವನ್ನು ಕೆಳಗೆ ಮಾಡಿ ಇಟ್ಟಿದ್ದರು. ಒಳಗೆ ಯಾರೂ ಇರಲಿಲ್ಲ. ಯಾವುದೂ ಅಲುಗುತ್ತಿರಲಿಲ್ಲ.

ಇದು ನಾನು ಶಿಗ್ಗಾಂವಿಗೆ ವರ್ಗವಾಗಿ ಬಂದ ಮೊದಲ ಸಂಜೆ, ಪಕ್ಕದ ಮನೆಗೆ ಬಾವಿಯ ಹಗ್ಗ ಕೇಳಲು ಹೋಗಿ ಕಂಡ ಚಿತ್ರ. ಸಾವಿರದ ಒಂಬೈನೂರ ನಲವತ್ಮೂರನೆಯ ಇಸವಿ. ದೀಪಾವಳಿ ಮುಗಿದು ಎರಡು ವಾರವಾಗಿತ್ತು. ಹೆಂಡತಿ ಗಂಗಾಬಾಯಿ ಹೆರಿಗೆಗೆಂದು ಹಾನಗಲ್ಲಿನ ತವರಿಗೆ ಹೋಗಿದ್ದಳು. ನಾನು ಪೇಟೆಯ ಹಿಂದಿನ ಓಣಿಯಲ್ಲಿ ಒಂದು ಕೋಣೆ ಹಿಡಿದು, ಕನ್ನಡ ಶಾಲೆಯಲ್ಲಿ ಪಾಠ ಹೇಳಿ, ನನ್ನ ಅಡುಗೆಯನ್ನು ನಾನೇ ಮಾಡಿಕೊಳ್ಳುತ್ತಿದ್ದೆ. ಅಡುಗೆಯೆಂದರೆ ಮುಂಜಾನೆಯ ಸಾರನ್ನೇ ಸಂಜೆ ನೀರು ಹಾಕಿ ಕುದಿಸುವುದು. ಅಕ್ಕಿ ಕಡಿಮೆಯಾದ ದಿನ ಗಂಜಿ. ಅದಕ್ಕೆ ಹೆಂಡತಿ ಕಟ್ಟಿಕೊಟ್ಟ ಮೆಂತೆಹಿಟ್ಟು. ಯುದ್ಧದ ಕಾಲ. ಧಾನ್ಯವೆಲ್ಲ ಸರಕಾರದ ಕಂಟ್ರೋಲಿನಲ್ಲಿತ್ತು, ರೇಷನ್ ಕಾರ್ಡಿನ ಮೇಲೆ ಅಳೆದಷ್ಟೇ ಸಿಗುತ್ತಿತ್ತು. ಹಸಿವಿಗಿಂತ ಹೆಚ್ಚಾಗಿ ದಣಿವು ಎಲ್ಲರ ಮುಖದ ಮೇಲೂ ಕೂತಿತ್ತು.

ನನ್ನ ಕೋಣೆಗೂ ಆ ಅಡುಗೆಮನೆಗೂ ನಡುವೆ ಒಂದೇ ಮಣ್ಣಿನ ಗೋಡೆ. ಆಚೆ ಇಬ್ಬರು ಹೆಂಗಸರು. ಒಬ್ಬಳು ಶಾರವ್ವ, ಗಂಡ ಉಳಿವೆಪ್ಪ ಎರಡು ವರ್ಷದ ಹಿಂದೆ ಕಾಲರಾದಲ್ಲಿ ತೀರಿಕೊಂಡಿದ್ದ. ಹಗಲೆಲ್ಲ ಕಂಡವರ ಹೊಲದಲ್ಲಿ ಹತ್ತಿ ಬಿಡಿಸಿ ಸಂಜೆಗೆ ಮನೆಗೆ ಬರುತ್ತಿದ್ದಳು. ಇನ್ನೊಬ್ಬಳು ಅವಳ ಅತ್ತೆ ಫಕ್ಕೀರವ್ವ. ಹುಲಗೂರಿನ ದರ್ಗಾಕ್ಕೆ ತಾಯಿ ಹರಕೆ ಹೊತ್ತ ಮೇಲೆ ಹುಟ್ಟಿದವಳೆಂದು ಆ ಹೆಸರು. ಕಣ್ಣು ಮಂಜಾಗಿದ್ದವು, ನಾಲಿಗೆ ಮಾತ್ರ ಮಂಜಾಗಿರಲಿಲ್ಲ.

"ಮಾಸ್ತರ್ರ, ಇವತ್ತು ಏನ್ರಿ ಊಟಾ?" ಎಂದು ಕಟ್ಟೆಯ ಮೇಲಿನಿಂದ ಕೇಳುವಳು.

"ಸಾರು, ಫಕ್ಕೀರವ್ವಾ."

"ನಿನ್ನೀದೋ, ಮೊನ್ನೀದೋ? ಇನ್ನೊಂದೀಟು ನೀರು ಹಾಕಿದ್ರ ಅದನ್ನ ಬಾವೀ ಅಂತ ಕರೀಬೇಕಾಕ್ಕೈತಿ ನೋಡ್ರಿ."

ದೀಪ ಹಚ್ಚುವ ಹೊತ್ತಿಗೆ ಆಚೆಯಿಂದ ರೊಟ್ಟಿ ಬಡಿಯುವ ಸಪ್ಪಳ ಸುರುವಾಗುತ್ತಿತ್ತು. ನಾನು ಅಕ್ಕಿಯ ಅನ್ನ ಉಂಡು ಬೆಳೆದವನು. ಆ ಸಪ್ಪಳವನ್ನು ಅಷ್ಟು ಹತ್ತಿರದಿಂದ ಅದುವರೆಗೆ ಕೇಳಿರಲಿಲ್ಲ. ಮೊದಲು ಮೆಲ್ಲಗೆ, ಬೆರಳುಗಳಷ್ಟೇ; ಆಮೇಲೆ ಅಂಗೈ ತುಂಬ, ತಿರುಗುತ್ತ, ಅಗಲವಾಗುತ್ತ; ಕೊನೆಗೆ ತಟ್ಟನೆ ಮೌನ. ಆ ಮೌನದಲ್ಲಿ ರೊಟ್ಟಿ ಹಂಚಿಗೆ ಹೋಗುತ್ತದೆ. ಮತ್ತೆ ಸುರು. ಹೊಸ ಕಾವ್ಯದ ನಡಿಗೆಯನ್ನು ಹುಡುಕುತ್ತ ರಾತ್ರಿಯೆಲ್ಲ ಗೀಚುತ್ತಿದ್ದ ದಿನಗಳವು. ಪುಸ್ತಕದ ಛಂದಸ್ಸು ಸಾಕಾಗಿತ್ತು. ಈ ಗೋಡೆಯ ಆಚೆ ದುಡಿದು ಬಂದ ಕೈಯೊಂದರ ಲಯವಿದೆ ಎಂದು ಹಿಗ್ಗಿದೆ. ಗಂಜಿ ತಿರುವುತ್ತ ಎಣಿಸುತ್ತಿದ್ದೆ. ದಿನವೂ ಆರು. ಅತ್ತೆಗೆ ಎರಡು, ಸೊಸೆಗೆ ಎರಡು, ನಾಳಿನ ಬುತ್ತಿಗೆ ಎರಡು. ಈ ಕಾಲದಲ್ಲೂ ಒಂದು ಮನೆಯ ಸಂಜೆ ತುಂಬಿದೆಯಲ್ಲ ಎಂದು ಸಮಾಧಾನಪಡುತ್ತಿದ್ದೆ.

ಸಂಕ್ರಮಣದ ಮುಂದೆ ಊರ ಚಾಕರಿಯ ವಾಲೀಕಾರ ಬಂದೇಸಾಬ ಕಚೇರಿಯಿಂದ ಒಂದು ಕಾಗದ ತಂದುಕೊಟ್ಟ. ಕೂಲಿ ಮಾಡುವ ಮನೆಗಳಲ್ಲಿ ಯಾರಿಗೆ ಕೊರತೆಯಿದೆಯೋ ಅಂಥವರಿಗೆ ಕಾರ್ಡಿನ ಮೇಲೆ ಹೆಚ್ಚಿನ ಜೋಳ ಸಿಗುವುದಿತ್ತು. ಓಣಿಯ ಅಂಥ ಹೆಸರುಗಳ ಯಾದಿಯನ್ನು ಮಾಸ್ತರನಾದ ನಾನು ಬರೆದುಕೊಡಬೇಕು. ಮನೆಮನೆ ತಿರುಗಿದೆ. ಯಾರ ಮಾತನ್ನೂ ಹೆಚ್ಚಿಸಿ ಬರೆಯಬಾರದು, ಕಂಡದ್ದನ್ನೇ ಬರೆಯಬೇಕು ಎಂಬ ಹಟ ನನಗೆ. ಶಾರವ್ವನ ಬಾಗಿಲಿಗೂ ಹೋದೆ.

"ಶಾರವ್ವಾ, ನಿಮ್ಮ ಮನ್ಯಾಗ ಕಾಳಿನ ಕೊರತಿ ಅದ ಏನು? ಬರಕೋಬೇಕಾಗೇದ."

ಅವಳು ಬಾಯಿ ತೆರೆಯುವ ಮೊದಲೇ ಹಿಂದಿನಿಂದ ಅತ್ತೆಯ ದನಿ ಬಂತು. "ಹೇಳ ಶಾರಿ, ಮಾಸ್ತರ್ರು ಕೇಳಾಕತ್ತಾರ. ನಾ ಅಂತೂ ಹೊಟ್ಟಿ ತುಂಬ ಉಣ್ಣಾಕತ್ತೇನಿ. ನೀ ಉಣ್ತೀಯೋ ಇಲ್ಲೋ ನೀನ ಹೇಳು."

ಶಾರವ್ವ ಸೆರಗಿನಿಂದ ಕೈ ಒರೆಸಿಕೊಂಡಳು. "ಕೊರತಿ ಏನಿಲ್ರಿ. ದಿನಾ ರೊಟ್ಟಿ ಬಡೀತೇನಿ. ಗ್ವಾಡಿ ಆಚಿ ನಿಮಗೂ ಕೇಳಸ್ತೈತಲ್ರಿ."

"ಕೇಳಸ್ತದ, ಕೇಳಸ್ತದ," ಎಂದು ನಕ್ಕೆ. "ಆರು."

ಅವಳು ಒಂದು ಗಳಿಗೆ ನನ್ನನ್ನೇ ನೋಡಿದಳು. "ಎಣಸ್ತೀರೇನ್ರಿ?" ಎಂದಳು. ಆ ನೋಟವನ್ನು ನಾನು ನಾಚಿಕೆಯೆಂದು ತಿಳಿದೆ. ಮನೆಗೆ ಬಂದು, ಶಾಯಿಯಲ್ಲಿ, ದುಂಡಗಿನ ಅಕ್ಷರದಲ್ಲಿ ಬರೆದೆ: ಇಬ್ಬರು ಹೆಂಗಸರು, ದಿನವೂ ಸಂಜೆ ಆರು ರೊಟ್ಟಿ, ಕೊರತೆ ಇಲ್ಲ.

ಯಾದಿ ಹೊರಬಿತ್ತು. ಓಣಿಯ ಏಳು ಮನೆಗಳ ಹೆಸರಿದ್ದವು, ಅವರದಿರಲಿಲ್ಲ. ಸಂಜೆಯ ಸಪ್ಪಳ ಮಾತ್ರ ನಿಲ್ಲಲಿಲ್ಲ.

ಅದಾಗಿ ಹದಿನೈದು ದಿನಕ್ಕೆ ನನ್ನ ಕಡ್ಡಿಪೆಟ್ಟಿಗೆ ಮುಗಿಯಿತು. ಆಗ ಕಡ್ಡಿಪೆಟ್ಟಿಗೆಯೂ ಸುಲಭವಾಗಿ ಸಿಗುತ್ತಿರಲಿಲ್ಲ. ಓಣಿಯಲ್ಲಿ ಒಂದು ಮನೆಯ ಒಲೆಯಿಂದ ಇನ್ನೊಂದು ಮನೆಗೆ ಕೆಂಡ ಒಯ್ಯುವುದು ರೂಢಿ. ಒಡೆದ ಹಂಚಿನ ಚೂರೊಂದನ್ನು ಹಿಡಿದು ಹಿತ್ತಲಿನಿಂದ ಹೋದೆ. ಸಪ್ಪಳ ನಡೆದೇ ಇತ್ತು. ಬಾಗಿಲು ಅರ್ಧ ತೆರೆದಿತ್ತು.

ಒಲೆಯ ಮುಂದೆ ಶಾರವ್ವ ಕೂತಿದ್ದಳು. ಬುಟ್ಟಿಯಲ್ಲಿ ಬೆಂದ ಒಂದು ರೊಟ್ಟಿ. ಇನ್ನೊಂದು ಆಗಲೇ ನಡುಮನೆಯಲ್ಲಿ, ಅತ್ತ ಮುಖ ಮಾಡಿ ಕೂತ ಫಕ್ಕೀರವ್ವನ ತಾಟಿನಲ್ಲಿತ್ತು. ಹಿಟ್ಟಿನ ಗಡಿಗೆ ನೆಲುವಿನಿಂದ ಇಳಿದು ಬಾಯಿ ತೆರೆದು ಪಕ್ಕದಲ್ಲಿತ್ತು. ಅದರ ತಳ ನನಗೆ ಕಾಣುತ್ತಿತ್ತು. ಶಾರವ್ವನ ಬಲಗೈ ಹಲಗೆಯನ್ನು ಬಡಿಯುತ್ತಿತ್ತು. ಹಲಗೆಯ ಮೇಲೆ ಏನೂ ಇರಲಿಲ್ಲ.

ಅವಳು ನನ್ನನ್ನು ಕಂಡಳು. ಕೈ ನಿಲ್ಲಿಸಲಿಲ್ಲ. ನಿಲ್ಲಿಸುವಂತಿರಲಿಲ್ಲ, ಇನ್ನೂ ಮೂರನೆಯದು ಮುಗಿದಿರಲಿಲ್ಲ. ನನ್ನ ಕೈಯಲ್ಲಿದ್ದ ಹಂಚಿನ ಚೂರನ್ನು ನೋಡಿ, ಎಡಗೈಯಿಂದ ಇಕ್ಕಳ ತೆಗೆದುಕೊಂಡು, ಒಲೆಯಿಂದ ಎರಡು ಕೆಂಡ ಹೊರಗೆಳೆದು, ಹೊಸ್ತಿಲವರೆಗೆ ಸರಿಸಿದಳು. ಬಲಗೈ ತನ್ನ ಪಾಡಿಗೆ ತಾನು ತಿರುಗುತ್ತ, ಅಗಲವಾಗುತ್ತ, ಬಡಿಯುತ್ತಲೇ ಇತ್ತು.

"ಶಾರಿ, ಸಾಕು ಮಾಡವಾ. ಬಂದು ಉಣ್ಣು," ಎಂದಳು ಒಳಗಿನಿಂದ ಫಕ್ಕೀರವ್ವ.

"ಬಂದೆರಿ ಅತ್ತಿ. ಇನ್ನ ಮೂರು ಅದಾವು."

ಕೆಂಡ ತಂದೆ. ಒಲೆ ಹೊತ್ತಿಸಲಿಲ್ಲ. ಉಳಿದ ಮೂರನ್ನೂ ಕೇಳುತ್ತ ಕತ್ತಲಲ್ಲಿ ಕೂತೆ. ಹಿಂದೆ ಲಯವೆಂದು ನಾನು ಕೊಂಡಾಡಿದ್ದರಲ್ಲಿ ಎಷ್ಟು ಪಾಲು ಬರೀ ಕಟ್ಟಿಗೆಯ ಸದ್ದಾಗಿತ್ತೆಂದು ತಿಳಿಯಲು ನನಗೆ ಅಷ್ಟು ದಿನ ಬೇಕಾಗಿತ್ತು.

ಮರುದಿನ ಶಾಲೆ ಬಿಟ್ಟ ಮೇಲೆ ಯಾದಿಯನ್ನು ತಿದ್ದಿಸಲು ಕಚೇರಿಗೆ ಹೋದೆ. ಅಲ್ಲಿದ್ದ ಕಾರಕೂನ ಕಾಗದ ತೆಗೆದು ನನ್ನ ಮುಂದೆ ಹಿಡಿದ. "ಅಕ್ಷರ ನಿಮ್ಮದ ಹೌದಲ್ರಿ? ಇಷ್ಟು ಚಂದಾಗಿ ಬರದದ್ದನ್ನ ಹೆಂಗ ಹೊಡದು ಹಾಕೂದ್ರಿ? ಇನ್ನ ಯುಗಾದಿ ದಾಟಿದ ಮ್ಯಾಲ ಹೊಸಾ ಯಾದಿ." ಯುಗಾದಿಗೆ ಇನ್ನೂ ಎರಡು ತಿಂಗಳಿತ್ತು.

ನನ್ನ ಪಾಲಿನ ಅಕ್ಕಿಯಲ್ಲಿ ಅರ್ಧವನ್ನು ಅರಿವೆಯಲ್ಲಿ ಕಟ್ಟಿಕೊಂಡು, ಬಾವಿಯ ಹತ್ತಿರ ಶಾರವ್ವನನ್ನು ತಡೆದೆ. ಅವಳು ಗಂಟನ್ನು ಮುಟ್ಟಲಿಲ್ಲ.

"ಅಕ್ಕಿ ಸಪ್ಪಳ ಮಾಡೂದಿಲ್ರಿ," ಎಂದಳು.

"ಜೋಳ ತರ್ತೇನಿ. ಕಾರ್ಡಿನ ಮ್ಯಾಲ ಬದಲಿ ಮಾಡಿಸ್ಕೋತೇನಿ."

"ಬ್ಯಾಡ್ರಿ. ನೀವು ಗಂಜಿ ಸುರಿಯೂ ಸಪ್ಪಳಾ ನನಗೂ ಕೇಳಸ್ತೈತಿ." ಕೊಡವನ್ನು ನಡುವಿಗೇರಿಸಿದಳು. "ನಾ ನುಚ್ಚಿನ ತಿಳಿ ಕುಡೀತೇನಿ, ಬದಕತೇನಿ. ನಾ ಉಣ್ಣೂದಿಲ್ಲ ಅಂತ ತಿಳೀತಂದ್ರ ಅತ್ತಿ ತುತ್ತು ಎತ್ತೂದಿಲ್ರಿ. ಮಗಾ ಹೋದಾಗ ಎಂಟು ದಿನ ಹಂಗ ಮಾಡಿದ್ರು. ಅವರ ಮುಂದ ಏನೂ ಅನಬ್ಯಾಡ್ರಿ, ನಿಮ್ಮ ಕಾಲ್ ಬೀಳ್ತೇನಿ."

ಅನ್ನಲಿಲ್ಲ. ಆದರೆ ನಾಲ್ಕು ದಿನದ ಮೇಲೆ ಫಕ್ಕೀರವ್ವನೇ ಗೋಡೆ ಹಿಡಿದುಕೊಂಡು ನನ್ನ ಬಾಗಿಲಿಗೆ ಬಂದಳು. ಶಾರವ್ವ ಹೊಲಕ್ಕೆ ಹೋಗಿದ್ದ ಹೊತ್ತು. ನನಗೆ ಶಾಲೆಯ ರಜೆ. ಬಂದವಳು ಹೊಸ್ತಿಲಲ್ಲೇ ಕೂತಳು.

"ಮಾಸ್ತರ್ರ, ಒಂದು ಟಪಾಲ್ ಕಾರ್ಡ್ ಬರದು ಕೊಡ್ರಿ. ಹುಲಗೂರಾಗ ನನ್ನ ತಮ್ಮ ದ್ಯಾಮಪ್ಪ ಅದಾನ. ಅಕ್ಕ ಬರಾಕತ್ತಾಳ ಅಂತ ಬರೀರಿ."

"ಎಷ್ಟು ದಿನಕ್ಕ ಅಂತ ಬರೀಲಿ, ಫಕ್ಕೀರವ್ವಾ?"

"ಅದನ್ನ ಬರೀಬ್ಯಾಡ್ರಿ."

ಬರೆಯುವುದನ್ನು ನಿಲ್ಲಿಸಿದೆ. "ಶಾರವ್ವ ಏನಂತಾಳ?"

"ಆಕಿ ಏನಂತಾಳ? ಆಕಿ ಹಲಗಿ ಬಡೀತಾಳ." ಸುಕ್ಕುಗಟ್ಟಿದ ಎರಡೂ ಅಂಗೈಗಳನ್ನು ನನ್ನ ಕಡೆಗೆ ಚಾಚಿದಳು. "ಐವತ್ತು ವರ್ಷ ರೊಟ್ಟಿ ಬಡದ ಕೈರಿ ಇವು. ಕಣ್ಣು ಹೋದ್ವು, ಕಿವಿ ಎಲ್ಲಿಗೆ ಹೋಗ್ಯಾವ? ಹಿಟ್ಟಿದ್ದ ಹಲಗಿ ಸಪ್ಪಳಾನ ಬ್ಯಾರೆ, ಬರೀ ಹಲಗಿ ಸಪ್ಪಳಾನ ಬ್ಯಾರೆ. ಆರು ರೊಟ್ಟಿ ಬೆಂದ್ರ ವಾಸನಿ ಎಲ್ಲೈತ್ರಿ?"

"ಗೊತ್ತಿದ್ದೂ ಸುಮ್ಮನ ಯಾಕ ಇದ್ರಿ?"

"ಗೊತ್ತೈತಿ ಅಂದಿದ್ರ ಆಕಿ ನನ್ನ ಮುಂದ ಮಾರಿ ಎತ್ತಿ ಹೆಂಗ ಕುಂದ್ರಬೇಕ್ರಿ? ಯಾದಿ ಬರ್ತೈತಿ, ಜ್ವಾಳ ಬರ್ತೈತಿ, ಆಮ್ಯಾಲ ಆರಕ್ಕ ಆರೂ ಖರೇವು ಆಗ್ತಾವು ಅಂತ ತಡದೆ. ನೀವು ಬಂದು ಕೇಳಿದಾಗ ಆಕೀನ ಹೇಳ್ಲಿ ಅಂತ ಚುಚ್ಚಿದೆ. ಹೇಳಲಿಲ್ಲ. ಯಾದ್ಯಾಗ ಹೆಸರು ಬರಲಿಲ್ಲ."

ಲೇಖನಿಯನ್ನು ಕೆಳಗಿಟ್ಟೆ. "ಆ ಯಾದಿ ಬರದಾಂವ ನಾನು. ಆರು ರೊಟ್ಟಿ, ಕೊರತಿ ಇಲ್ಲ ಅಂತ ನಾನ ಬರದೆ."

ಓಣಿಯಲ್ಲಿ ಒಂದು ಚಕ್ಕಡಿ ಹಾದುಹೋಯಿತು. ಅದರ ಸದ್ದು ಪೂರ್ತಿ ಅಡಗುವವರೆಗೂ ಅವಳು ಕಾದಳು.

"ಕೇಳಿದ್ದನ್ನ ಬರದ್ರಿ," ಎಂದಳು ಕೊನೆಗೆ. ಸಿಟ್ಟಿರಲಿಲ್ಲ; ಸಿಟ್ಟಿಗೆ ಬೇಕಾದಷ್ಟು ಕಸುವೂ ಆ ದನಿಯಲ್ಲಿರಲಿಲ್ಲ. "ಹೋಗ್ಲಿ ಬಿಡ್ರಿ. ಈಗ ಒಂದು ಕೆಲಸ ಮಾಡ್ರಿ. ನಾ ಹೋದೆ ಅಂತ ಕಾಳಿನ ಕಾರ್ಡಿನ್ಯಾಗ ನನ್ನ ಹೆಸರು ಹೊಡೀಬ್ಯಾಡ್ರಿ. ನನ್ನ ಪಾಲಿಂದು ಆಕಿ ಉಣ್ಲಿ. ಯಾರರ ಬಂದು ಕೇಳಿದ್ರ, ಮುದಿಕಿ ಒಳಗ ಮಲಗ್ಯಾಳ ಅನ್ರಿ."

ಹೂಂ ಎಂದೆ. ಕಂಡದ್ದನ್ನೇ ಬರೆಯುವ ನನ್ನ ಹಟ ಅಲ್ಲಿಗೆ ಮುಗಿಯಿತು.

ಹೋಗುವ ಹಿಂದಿನ ಸಂಜೆ ಗೋಡೆಯ ಆಚೆ ಜಗಳವಾಯಿತು.

"ನಾ ಏನ್ ತಪ್ಪ ಮಾಡೇನ್ರಿ ಅತ್ತಿ? ಯಾಕ ಹೊಂಟೀರಿ?"

"ನಿನ್ನ ರೊಟ್ಟಿ ದಪ್ಪ ಅದಾವ ಅಂತ ಹೊಂಟೇನಿ. ಏಳ ಅಲ್ಲಿಂದ. ಇವತ್ತು ನಾ ಬಡೀತೇನಿ."

"ಕಣ್ಣು ಕಾಣೂದಿಲ್ಲ, ಕೈ ಸುಟಗೋತೀರಿ."

"ಹಂಚು ನೀ ನೋಡು. ಹಲಗಿ ನನಗ ಬಿಡು."

ನಿಧಾನವಾದ, ಭಾರವಾದ ಕೈ. ಒಂದು ರೊಟ್ಟಿ. ಮೌನ. ಇನ್ನೊಂದು. ಮತ್ತೆ ಮೌನ. ಮೂರನೆಯದಕ್ಕಾಗಿ ನಾನು ಕಾದೆ, ಬರಲಿಲ್ಲ. ಗಡಿಗೆಯ ಬಾಯಿಗೆ ಅರಿವೆ ಕಟ್ಟುತ್ತ ಮುದುಕಿ, "ಆತು. ನಿನಗೊಂದು, ನನಗೊಂದು. ಕುಂದ್ರು, ನನ್ನ ಮುಂದ ಉಣ್ಣು. ಅಗಿಯೂದು ನನಗ ಕೇಳಬೇಕು," ಎಂದಳು. ಆಮೇಲೆ ಯಾರೋ ಅಳುವ ಸದ್ದು ಬಂತು; ಯಾರದೆಂದು ನಾನು ಕಿವಿಗೊಡಲಿಲ್ಲ. ಎದ್ದು ಹೊರಗೆ ಹೋದೆ.

ಬೆಳಗಿನ ಜಾವ ಬಂದೇಸಾಬ ಹುಲಗೂರಿಗೆ ಹೊರಟಿದ್ದ. ಅವನ ಚಕ್ಕಡಿಯಲ್ಲೇ ಮುದುಕಿಗೂ ಜಾಗ. ಗಂಟನ್ನು ನಾನು ಎತ್ತಿಟ್ಟೆ. ಶಾರವ್ವ ದಾರಿಗೆಂದು ಅರಿವೆಯಲ್ಲಿ ಬುತ್ತಿ ಕಟ್ಟಿ ಕೊಟ್ಟಳು. ಫಕ್ಕೀರವ್ವ ಅದನ್ನು ಬೆರಳಿನಿಂದ ಮುಟ್ಟಿ ನೋಡಿದಳು. ಎರಡು ರೊಟ್ಟಿ. ಗಂಟು ಬಿಚ್ಚಿ, ಒಂದನ್ನು ತೆಗೆದು, ಸೊಸೆಯ ಕೈಯನ್ನು ಹುಡುಕಿ ಹಿಡಿದು ಅದರಲ್ಲಿ ಇಟ್ಟಳು.

"ಯುಗಾದಿಗೆ ಬರ್ರಿ ಅತ್ತಿ," ಎಂದಳು ಶಾರವ್ವ.

"ಬರ್ತೇನಿ ಬಿಡವಾ. ಸಂಜೀಕ ಬರೀ ಹಲಗಿ ಬಡೀಬ್ಯಾಡ. ಪಾಪ, ಮಾಸ್ತರ್ರು ಎಣಸ್ತಾರ."

ಬಂದೇಸಾಬ ನಗಲೋ ಬೇಡವೋ ಎಂದು ನನ್ನ ಮುಖ ನೋಡಿದ. ಮುದುಕಿ ಹೊಸ್ತಿಲು ದಾಟಿದಳು. ಒಂದು ಕೈ ಇನ್ನೂ ಬಾಗಿಲ ಮೇಲಿತ್ತು. "ನಿಂತು ನೋಡಬ್ಯಾಡ, ಶಾರಿ. ಒಳಗ ನಡಿ. ಬೆಂಕಿ ಆರತೈತಿ," ಎಂದಳು. ಶಾರವ್ವ ನಿಂತೇ ಇದ್ದಳು. ಆಗ ಫಕ್ಕೀರವ್ವ ತಾನೇ, ಕಾಣದ ಕಣ್ಣನ್ನು ಓಣಿಯ ಕಡೆಗೆ ತಿರುಗಿಸಿ, ಕೈಯನ್ನು ಹಿಂದೆ ಚಾಚಿ ಬಾಗಿಲನ್ನು ಎಳೆದುಕೊಂಡಳು. ಅದು ಒಮ್ಮೆ ಕಿರುಗುಟ್ಟಿ ಮುಚ್ಚಿಕೊಂಡಿತು.