ತಗ್ಗು ಗಾಡಿ

"ಮೀಟರ್ ಏನಾದ್ರೂ ತಿರುಗಿಸಿದ್ದೀರಾ ಕಾಶಿನಾಥಣ್ಣ?"

ಕಾರಿನೊಳಗೆ ತಲೆ ತೂರಿಸಿದ್ದ ಧನರಾಜ್ ಅಲ್ಲಿಂದಲೇ ಕೇಳಿದ. ಕಾಶಿನಾಥನ ಕಿವಿ ಕೆಂಪಾಯಿತು. ಚೆಂಬೂರಿನ ಆ ಬಿಲ್ಡಿಂಗಿನ ಕೆಳಗೆ, ಬೆಳಿಗ್ಗೆ ಒಡೆದ ಕಾಯಿಯ ನೀರು ಇನ್ನೂ ಆರದ ನೆಲದ ಮೇಲೆ, ಕಪ್ಪು ಮಸ್ಟಾಂಗ್ ಹೊಟ್ಟೆಯನ್ನು ನೆಲಕ್ಕೆ ಹಚ್ಚಿಕೊಂಡಂತೆ ನಿಂತಿತ್ತು.

"ತಿರಗಸೂ ಮಂದಿ ಬ್ಯಾರೆ ಅದಾರ್ರೀ. ನಂಬಿಕಿ ಇಲ್ಲಂದ್ರ ಬಂದ ದಾರಿ ಹಿಡೀರಿ."

ಲಕ್ಷ್ಮವ್ವ ಹಿಂದಿನಿಂದ ಗಂಡನ ಅಂಗಿ ಜಗ್ಗಿದಳು. "ಅಣ್ಣಾರ, ಇವರ ಮಾತು ಮನಸಿಗಿ ಹಚ್ಕೋಬ್ಯಾಡ್ರಿ. ಗಾಡಿ ಓಡಿಲ್ಲ, ಖರೇನ ಅದ. ಅಮಾಸಿಗೊಮ್ಮಿ ಪೂಜಾ ಮಾಡಸ್ಕೊಂಡು ಕುಂತದ ನೋಡ್ರಿ, ದೇವರ ಹಂಗ."

ಧನರಾಜ್ ನಕ್ಕ. ಉಡುಪಿ ಕಡೆಯವನು, ವಡಾಲದಲ್ಲಿ ಅವನದೊಂದು ಮದುವೆ ಹಾಲ್ ಇತ್ತು. ಮದುಮಗನನ್ನು ಗೇಟಿನಿಂದ ಮಂಟಪದವರೆಗೆ ಬ್ಯಾಂಡಿನ ಹಿಂದೆ ಮೆಲ್ಲಗೆ ಕರೆತರಲು ಇಂಥದೊಂದು ಕಾರು ಬೇಕಾಗಿತ್ತು. ಬಂದವನನ್ನು ಕಾಶಿನಾಥ ಕೇಳಿದ ಮೊದಲ ಪ್ರಶ್ನೆಯೇ, "ಇದನ್ನ ಹೊಡೆಯೋರು ಯಾರು? ಮನಿಯಾಗ ಹುಡುಗರು ಅದಾರೇನು?" ಎಂಬುದು. ಹೋದ ವಾರ ನವಿ ಮುಂಬಯಿಯ ತರುಣನೊಬ್ಬ ಕೇಳಿದಷ್ಟು ಕೊಡಲು ತಯಾರಾಗಿ ಬಂದಿದ್ದ. ಅವನನ್ನು ಕಾಶಿನಾಥ ಬೈದು ಕಳಿಸಿದ್ದು ಯಾಕೆಂದು ಲಕ್ಷ್ಮವ್ವನಿಗೆ ಇವತ್ತಿಗೂ ತಿಳಿದಿರಲಿಲ್ಲ.

ಆ ಕಾರು ಮನೆಗೆ ಬಂದದ್ದೇ ಸಿಟ್ಟಿನಿಂದ. ಅಫಜಲಪುರದ ಕಡೆಯ ಹಳ್ಳಿಯ ಶಾಲೆ ಬಿಟ್ಟು ಬಂದ ಕಾಶಿನಾಥ ಅರ್ಧ ಆಯುಷ್ಯವನ್ನು ಟಿಪ್ಪರಿನ ಸ್ಟೇರಿಂಗ್ ಹಿಡಿದೇ ಕಳೆದವನು. ಈಗ ಅವನವೇ ಟಿಪ್ಪರುಗಳು ಒಡೆದ ಕಟ್ಟಡಗಳ ಕಲ್ಲುಮಣ್ಣು ಹೊರುತ್ತಿದ್ದವು. ಒಬ್ಬ ಬಿಲ್ಡರ್ ಅವನನ್ನು ಗೇಟಿನ ಹೊರಗೆ ಇಡೀ ಮಧ್ಯಾಹ್ನ ಬಿಸಿಲಿನಲ್ಲಿ ನಿಲ್ಲಿಸಿದ್ದ. ಕಾಶಿನಾಥ ಹಟಕ್ಕೆ ಬಿದ್ದು ಈ ಕಾರು ಕೊಂಡ. ಬೈಕುಲ್ಲಾದ ಗ್ಯಾರೇಜೊಂದರಲ್ಲಿ ಅದನ್ನು ಇನ್ನಷ್ಟು ಕೆಳಗಿಳಿಸಿ, ಗುಡುಗುವ ಸೈಲೆನ್ಸರ್ ಹಾಕಿಸಿ, ಅದೇ ಗೇಟಿನ ಮುಂದೆ ತಂದು ನಿಲ್ಲಿಸಿದ. ಬಿಲ್ಡರ್ ಹೊರಗೆ ಬಂದು ಕೈ ಕುಲುಕಿದ. ಸಿಟ್ಟು ಅಲ್ಲಿಗೆ ಮುಗಿಯಿತು, ಕಾರು ಮಾತ್ರ ಉಳಿಯಿತು. ಅದು ಬಿಲ್ಡಿಂಗಿನ ಗೇಟು ದಾಟಬೇಕಾದರೂ ಕೆಲಸದವರು ಸೆಂಟ್ರಿಂಗ್ ಹಲಗೆ ತಂದು ಸ್ಪೀಡ್ ಬ್ರೇಕರಿನ ಎರಡೂ ಕಡೆ ಹಾಸಬೇಕಾಗಿತ್ತು.

ಇಷ್ಟಾಗಿಯೂ ಅವನು ಅದನ್ನು ಇಟ್ಟುಕೊಳ್ಳುತ್ತಿದ್ದನೇನೋ. ಆದರೆ ಮಗಳು ಸಪ್ನಾ ಡಿಗ್ರಿ ಪಾಸಾದ ದಿನ, ಪೇಢೆ ತಿನ್ನುತ್ತ ಕುಳಿತ ಬೀಗರು ಬಿಜ್ಜರ ಮುಂದೆ, ಹಿಗ್ಗಿನಲ್ಲಿ ಬಾಯಿ ಜಾರಿತ್ತು. "ಬರೂ ಐತಾರ ಗಾಡಿ ನಿಂದು. ಗೆಳತ್ಯಾರನ್ನ ಕೂಡಿಸ್ಕೊಂಡು ಲೋಣಾವಳಾಕ್ಕ ಹೋಗು." ಆಡಿದ ಮಾತು ನುಂಗುವ ಪೈಕಿ ಅಲ್ಲ ಅವನು. ಅಂದಿನಿಂದ ರಾತ್ರಿ ಕಣ್ಣು ಮುಚ್ಚಿರಲಿಲ್ಲ. ಮನೆಯಲ್ಲಿ ಕಾರೇ ಇಲ್ಲದಿದ್ದರೆ ಮಾತು ಮುರಿದಂತೆಯೂ ಆಗುವುದಿಲ್ಲ ಎಂದು ಲೆಕ್ಕ ಹಾಕಿ, ಐತವಾರದ ಹಿಂದಿನ ಈ ದಿನ ಧನರಾಜನನ್ನು ಕರೆಸಿದ್ದ.

ದರದ ಮಾತು ಬೇಗ ಮುಗಿಯಿತು. ಕಾಶಿನಾಥ ಕೀ ಮುಂದೆ ಚಾಚಿದ. ಧನರಾಜ್ ಕೈ ಹಿಂದಕ್ಕೆ ಎಳೆದುಕೊಂಡ.

"ಇವತ್ತು ಬೇಡ ಮಾರಾಯ್ರೆ, ಅಮಾಸೆ ಅಲ್ವಾ. ಅಮಾಸೆ ದಿನ ಹೊಸತು ಎಂತದ್ದೂ ತರುವ ಕ್ರಮ ಇಲ್ಲ ನಮ್ಮಲ್ಲಿ. ನಾಳೆ ಪಾಡ್ಯ, ಅದೂ ಆಗುದಿಲ್ಲ. ಸೋಮವಾರ ಬಂದು ತಗೊಂಡು ಹೋಗ್ತೇನೆ."

ಕಾಶಿನಾಥ ಕೀ ಚಾಚಿದ ಕೈ ಇಳಿಸಲಿಲ್ಲ. "ಏನ್ ಮಾತಾಡ್ತೀರಿ? ಅಮಾಸಿ ಅಂತಾನೇ ಇವತ್ತ ಕರಸೀನಿ! ನಮ್ಮ ಕಡಿ ಗಾಡಿಗಿ ಇದರಂಥಾ ಛಲೋ ದಿನಾನೇ ಇಲ್ಲ!"

"ನಿಮ್ಮ ಕಡೆ ಇರಬಹುದು. ನನ್ನ ಅಮ್ಮ ಕೇಳಿದ್ರೆ ನನ್ನನ್ನೇ ಮನೆಯೊಳಗೆ ಸೇರಿಸುದಿಲ್ಲ."

ಅಷ್ಟರಲ್ಲಿ ಸಪ್ನಾ ಹೆಗಲಿಗೆ ಬ್ಯಾಗು ಹಾಕಿಕೊಂಡು ಗೇಟಿನೊಳಗೆ ಬಂದಳು. ವಿಷಯ ತಿಳಿಯಲು ಅವಳಿಗೆ ಹೊತ್ತು ಹಿಡಿಯಲಿಲ್ಲ. "ಬೇಚ್ ರಹೇ ಹೋ? ಮಾರ್ತಾ ಇದ್ದೀರಾ ಪಪ್ಪಾ! ನಾನು ಎಲ್ಲರಿಗೂ ಬೋಲ್ ದಿಯಾ, ನಾಳೆ ಹೋಗ್ತೀವಿ ಅಂತ!"

"ಹೋಗು ಮಗಾ, ಅದಕ್ಕೆಂತ?" ಧನರಾಜ್ ಉದಾರವಾಗಿ ಹೇಳಿದ. "ನಾಳೆ ಒಂದು ದಿನ ನೀನೇ ಓಡಿಸು. ನಾನು ಬರುವುದು ಸೋಮವಾರ."

ಸಪ್ನಾಳ ಮುಖ ಅರಳಿತು. ಕಾಶಿನಾಥನ ತಾಳ್ಮೆ ಅಲ್ಲಿಗೆ ಹರಿಯಿತು.

"ಬಾಯಿ ಮುಚ್ರಿ ನೀವು! ಹೋಗು ಅಂತ ಹೋಗು! ನಿಮಗೇನ್ ಗೊತ್ತದ?" ಅವನ ದನಿಗೆ ವಾಚ್‌ಮನ್ ಕುರ್ಚಿಯಿಂದ ಎದ್ದ. "ಟಿಪ್ಪರದಾಗ ನಾ ಕುಂತೀನಿ, ನೀವು ಕುಂತಿಲ್ಲ. ಎಡಗಡಿ ಬಾಜೂಕ ಇಂಥಾ ತಗ್ಗು ಗಾಡಿ ಬಂದ್ರ ಕಾಣೂದಿಲ್ಲ. ಕನ್ನಡ್ಯಾಗೂ ಇಲ್ಲ, ಕಿಟಕ್ಯಾಗೂ ಇಲ್ಲ. ಡ್ರೈವರ ಹಾಡು ಕೇಳ್ಕೋತ ಎಡಕ್ಕ ಹೊಳ್ಳಸ್ತಾನ, ಅಷ್ಟೇ. ಲೋಣಾವಳಾದ ಘಾಟ್ ತುಂಬ ಬರೇ ಟಿಪ್ಪರ, ಟ್ರಕ್ಕು! ಇದರಾಗ ನನ್ನ ಮಗಳನ್ನ ಕೂಡಿಸಿ ಕಳಸಲಿ? ಈ ಸುಡುಗಾಡು ಗಾಡಿ ತಂದಾಗಿಂದ ನಾನೇ ಅಂಜಿ ಅಂಜಿ ಹೊಡೀತೀನಿ... ನಾನೇ!"

ಗಂಡನ ಬಾಯಲ್ಲಿ 'ಅಂಜಿಕೆ' ಎಂಬ ಮಾತು ಬಂದದ್ದನ್ನು ಲಕ್ಷ್ಮವ್ವ ಮದುವೆಯಾದಾಗಿನಿಂದ ಕೇಳಿರಲಿಲ್ಲ. ಅವಳು ಸೆರಗು ಬಾಯಿಗೆ ಹಿಡಿದು ನಿಂತಳು.

"ಮೊದಲೇ ಯಾಕೆ ಹೇಳಲಿಲ್ಲ?" ಸಪ್ನಾ ಮೆಲ್ಲಗೆ ಕೇಳಿದಳು.

"ಮಾತು ಕೊಟ್ಟಿದ್ನಲ್ಲವ್ವಾ..."

"ಪಪ್ಪಾ, ನೀವೂ ನಾ! ಟ್ರೇನ್‌ನಲ್ಲಿ ಹೋಗ್ತಿದ್ವಿ."

ಧನರಾಜ್ ಗಂಟಲು ಸರಿಪಡಿಸಿಕೊಂಡ. ಬೈಸಿಕೊಂಡದ್ದಕ್ಕೆ ಅವನಿಗೆ ಬೇಸರವಾದಂತೆ ಕಾಣಲಿಲ್ಲ. "ಒಂದು ಕೆಲಸ ಮಾಡುವ ಅಣ್ಣ. ಇವತ್ತು ಗಾಡಿ ನಿಮ್ಮದೇ. ನೀವೇ ಓಡಿಸಿಕೊಂಡು ಬಂದು ನನ್ನ ಹಾಲಿನ ಅಂಗಳದಲ್ಲಿ ನಿಲ್ಲಿಸಿ. ನೆಂಟರ ಗಾಡಿ ನಿಂತ ಹಾಗೆ. ನಾನು ತಂದ ಹಾಗೆ ಆಗುದಿಲ್ಲ. ಬಾಕಿ ಎಲ್ಲ ಸೋಮವಾರ."

ಕಾಶಿನಾಥ ಅವನನ್ನೇ ನೋಡಿದ. "ಇದನ್ನ ಆಗಳೇ ಹೇಳಾಕ ಏನ್ ಧಾಡಿ ಆಗಿತ್ತು ನಿಮಗ?" ಎಂದ. ಅದು ಅವನು ಉಪಕಾರ ನೆನೆಯುವ ರೀತಿ ಎಂದು ಲಕ್ಷ್ಮವ್ವ ಧನರಾಜನಿಗೆ ಕಣ್ಣಲ್ಲೇ ತಿಳಿಸಿದಳು.

ಹಲಗೆ ಹಾಸಿದರು, ಕಾರು ಗುಡುಗುತ್ತ ಗೇಟು ದಾಟಿತು. ಧನರಾಜ್ ತನ್ನ ಸ್ಕೂಟರಿನಲ್ಲಿ ಮುಂದೆ ಹೋದ. ಸಪ್ನಾ ಕೇಳದೆಯೇ ಅಪ್ಪನ ಪಕ್ಕದಲ್ಲಿ ಹತ್ತಿ ಕುಳಿತಿದ್ದಳು. ವಡಾಲದ ಸಿಗ್ನಲ್ಲಿನಲ್ಲಿ ಬಂದರಿನ ಕಡೆಯಿಂದ ಬಂದ ಟ್ರೇಲರೊಂದು ಬಲಕ್ಕೆ ಬಂದು ನಿಂತಿತು. ಕಿಟಕಿಯ ತುಂಬ ಅದರ ಗಾಲಿಯೇ. ಬಿಸಿ ರಬ್ಬರಿನ ವಾಸನೆ ಒಳಗೆ ಬಂತು. ಸಪ್ನಾ ಬಾಗಿ, ಕತ್ತು ಮೇಲೆತ್ತಿ ಡ್ರೈವರನ ಮುಖ ಹುಡುಕಿದಳು. ಬಾಗಿಲಿನ ಕೆಳಭಾಗ ಬಿಟ್ಟರೆ ಏನೂ ಇಲ್ಲ.

"ಪಪ್ಪಾ, ಅವನಿಗೆ ನಾವು ದಿಖ್ತಾ ಇದ್ದೀವಾ?"

"ಕಾಣೂದಿಲ್ಲ."

ಹಸಿರು ಬಿತ್ತು. ಟ್ರೇಲರ್ ಪೂರ್ತಿ ಮುಂದೆ ಹೋಗುವವರೆಗೆ ಕಾಶಿನಾಥ ಕದಲಲಿಲ್ಲ. ಹಿಂದಿನವರು ಹಾರ್ನ್ ಹೊಡೆದು ಬೈದರು. ಅವನು ತಿರುಗಿ ಬೈಯಲಿಲ್ಲ.

ಹಾಲಿನ ಅಂಗಳದಲ್ಲಿ ಮಾವಿನ ಮರದ ಕೆಳಗೆ ಕಾರು ನಿಂತಿತು. ಧನರಾಜ್ ಕೀ ಮುಟ್ಟಲು ಒಪ್ಪಲಿಲ್ಲ, ಕಾಶಿನಾಥ ವಾಪಸು ಒಯ್ಯಲು ಒಪ್ಪಲಿಲ್ಲ. ಕೊನೆಗೆ ಕಾಶಿನಾಥನೇ ಬಾಗಿಲಲ್ಲಿದ್ದ ಗಣಪತಿಯ ತಟ್ಟೆಯಲ್ಲಿ ಕೀ ಇಟ್ಟು ಕೈಮುಗಿದ.

ಅಪ್ಪ ಮಗಳು ನಡೆದು ವಡಾಲ ಸ್ಟೇಷನ್ನಿಗೆ ಬಂದು ಪನ್ವೆಲ್ ಲೋಕಲ್ ಹತ್ತಿದರು. ಕುರ್ಲಾದಲ್ಲಿ ಮಂದಿ ಇಳಿದು ಜಾಗ ಸಿಕ್ಕಿತು. ಕಾಶಿನಾಥ ಕುಳಿತು, ಚಪ್ಪಲಿ ಕಳಚಿ, ಕಾಲು ಮುಂದೆ ಚಾಚಿದ. ತಿಲಕ ನಗರ ಬರುವಷ್ಟರಲ್ಲಿ ಅವನ ತಲೆ ಕಿಟಕಿಗೆ ವಾಲಿ, ಬಾಯಿ ತೆರೆದು, ಸಣ್ಣಗೆ ಗೊರಕೆ ಶುರುವಾಗಿತ್ತು.

ಅವರು ಇಳಿಯಬೇಕಾದ ಚೆಂಬೂರು ಬಂತು. ಸಪ್ನಾ ಅಪ್ಪನ ಮುಖ ನೋಡಿದಳು. ಹತ್ತುವವರು ಹತ್ತಿದರು, ಇಳಿಯುವವರು ಇಳಿದರು. ಅವಳು ಎಬ್ಬಿಸಲಿಲ್ಲ. ಗಾಡಿ ಗೋವಂಡಿಯ ಕಡೆ ಹೊರಟಿತು.