ಮಗಳ ಕೈಗೆ ಕಟ್ಟಿದ ಪಟ್ಟಿ

ಬಲಗಡೆಯ ಜಡೆ ಮುಗಿದಿತ್ತು. ಎಡಗಡೆಯ ಕೂದಲನ್ನು ಮೂರು ಪಾಲು ಮಾಡಿ ಇನ್ನೇನು ಹೆಣೆಯಬೇಕು ಅನ್ನುವಷ್ಟರಲ್ಲಿ ಅಮ್ಮನ ಎದೆಯೊಳಗೆ ಅದು ಶುರುವಾಯಿತು. ಮೊದಲು ಒಂದು ಎಡವು. ಆಮೇಲೆ ಡಬ್ಬಿಯೊಳಗೆ ಸಿಕ್ಕಿಬಿದ್ದ ಹಲ್ಲಿಯ ಹಾಗೆ ಪಟಪಟ. ಒಂದು ಕ್ಷಣ ಏನೂ ಇಲ್ಲ. ಮತ್ತೆ ಪಟಪಟ. ಕೂದಲು ಹಿಡಿದ ಕೈ ಹಾಗೇ ನಿಂತಿತು.

"ಅಮ್ಮಾ, ನಿಂತಲ್ಲೇ ನಿದ್ದೆ ಹೋದ್ಯಾ? ಎಳೀತಿದೆ," ಎಂದಳು ಮಗಳು ಕನ್ನಡಿಯಿಂದ ಕಣ್ಣು ತೆಗೆಯದೆ.

"ಗಂಟಾಗಿದೆ ಕಣೇ. ಸ್ವಲ್ಪ ತಡಿ."

ಗಂಟೇನೂ ಆಗಿರಲಿಲ್ಲ. ಅಮ್ಮ ನೋಡುತ್ತಿದ್ದದ್ದು ತನ್ನ ಎಡಗೈಯನ್ನು. ಅಲ್ಲಿ ಆಸ್ಪತ್ರೆಯವರು ಕಟ್ಟಿ ಕಳಿಸಿದ ಕಪ್ಪು ಪಟ್ಟಿ ಇತ್ತು, ಅದರ ಅಡಿಯಲ್ಲಿ ಒಂದು ಹಸಿರು ದೀಪ ಮಿಣುಕುತ್ತಿತ್ತು. ಎಲ್ಲವನ್ನೂ ನೋಡುತ್ತಿದೆ, ಎಲ್ಲವನ್ನೂ ಬರೆದಿಟ್ಟುಕೊಳ್ಳುತ್ತಿದೆ, ನಾಳೆ ಹೋಗಿ ಚಾಡಿ ಹೇಳುತ್ತದೆ ಅನ್ನಿಸಿತು ಅವಳಿಗೆ.

ಅವಳು ಶಾಲೆಯ ಬಸ್ಸು ಓಡಿಸುವವಳು, ಮಗಳು ದಿನಾ ಹೋಗಿಬರುವುದೂ ಅದೇ ಬಸ್ಸಿನಲ್ಲಿ. ಬೀದಿಯ ಮಕ್ಕಳೆಲ್ಲ ಅವಳನ್ನು ಡ್ರೈವರಮ್ಮ ಎನ್ನುತ್ತಿದ್ದರು. ಡಿಪೋದಲ್ಲಿ ವರ್ಷಕ್ಕೊಮ್ಮೆ ಡ್ರೈವರುಗಳಿಗೆಲ್ಲ ತಪಾಸಣೆ ನಡೆಯುತ್ತದೆ. ಈ ಸಲ ನರ್ಸು ಅವಳ ಕೈ ಹಿಡಿದವಳು ಬಿಡಲೇ ಇಲ್ಲ. "ಏನಮ್ಮ ಇದು, ತಾಳ ತಪ್ತಿದೆಯಲ್ಲ," ಎಂದು ಹೃದಯದ ಡಾಕ್ಟರ ಬಳಿಗೆ ಕಳಿಸಿದಳು. ಡಾಕ್ಟರ ಮುಂದೆ ಕೂತಾಗ ಅದು ಸದ್ದಿಲ್ಲದೆ ಅಡಗಿತ್ತು. "ಬಂದು ಹೋಗೋ ಕಳ್ಳ ಇರಬಹುದು. ಒಂದು ವಾರ ಈ ಪಟ್ಟಿ ಬಿಚ್ಚಬೇಡಿ, ಹಿಡಿಯೋಣ," ಎಂದಿದ್ದರು ಡಾಕ್ಟರು. "ತಲೆ ಸುತ್ತೋದು, ಕಣ್ಣು ಕತ್ತಲೆ ಬರೋದು ಏನಾದ್ರೂ ಇದೆಯಾ? ಬಸ್ಸು ಓಡಿಸ್ತೀರಿ ಅದಕ್ಕೇ ಕೇಳ್ತಿದ್ದೀನಿ."

"ಇಲ್ಲ ಡಾಕ್ಟ್ರೇ, ಅದೆಲ್ಲ ಏನೂ ಇಲ್ಲ," ಎಂದಿದ್ದಳು ಅವಳು, ರೆಪ್ಪೆ ಕೂಡ ಅಲುಗಿಸದೆ.

ಇತ್ತು. ಮೊನ್ನೆ ಮೊನ್ನೆಯೇ, ಸೇತುವೆ ದಾಟಿದ ಮೇಲೆ, ಎದುರಿನ ರಸ್ತೆಯ ಅಂಚುಗಳು ಮಸುಕಾಗಿ ಸ್ಟಿಯರಿಂಗು ಕೈಯಲ್ಲಿ ಹತ್ತಿಯಂತಾಗಿತ್ತು. ಹೇಗೋ ಬಸ್ಸನ್ನು ಬದಿಗೆ ತಂದು ನಿಲ್ಲಿಸಿದ್ದಳು. ಬಾಗಿಲಲ್ಲಿ ನಿಂತು ಮಕ್ಕಳನ್ನು ಹತ್ತಿಸಿ ಇಳಿಸುವ ಹೆಂಗಸಿನ ಕೊರಳಲ್ಲಿ ಸದಾ ಒಂದು ಸೀಟಿ, ಹಾಗಾಗಿ ಅವಳ ಹೆಸರೇ ಸೀಟಿ. "ಏನಕ್ಕಾ, ಯಾಕೆ ನಿಲ್ಲಿಸ್ದೆ?" ಎಂದು ಅವಳು ಕೇಳಿದಾಗ, "ಟಯರು ಯಾಕೋ ಕೂತಂಗಿದೆ," ಎಂದು ಕೆಳಗಿಳಿದು, ಗಟ್ಟಿಮುಟ್ಟಾಗಿದ್ದ ಟಯರಿಗೆ ಕಾಲಲ್ಲಿ ಒದೆಯುತ್ತ ಉಸಿರು ಹಿಡಿತಕ್ಕೆ ಬರುವ ತನಕ ನಿಂತಿದ್ದಳು. ಕಿಟಕಿಗಳಲ್ಲಿ ಮಕ್ಕಳು "ಇನ್ನೊಂದ್ ಕೊಡಿ ಡ್ರೈವರಮ್ಮಾ!" ಎಂದು ಕೂಗಿ ನಕ್ಕಿದ್ದರು. ಅವಳೂ ನಕ್ಕಿದ್ದಳು. ಆ ನಗು ನೆನಪಾದರೆ ಈಗಲೂ ಕಿವಿ ಬಿಸಿಯಾಗುತ್ತಿತ್ತು.

ಗ್ಯಾಸು, ನಿದ್ದೆ ಕಡಿಮೆ, ಚಹಾ ಜಾಸ್ತಿ ಎಂದು ತನಗೆ ತಾನೇ ಹೇಳಿಕೊಂಡಿದ್ದಾಯಿತು. ಆದರೆ ಈ ಪಟ್ಟಿಗೆ ಹಾಗೆಲ್ಲ ಸಮಾಧಾನ ಹೇಳಲಾಗದು. ಅದು ಹೇಳಿಬಿಟ್ಟರೆ ಬಸ್ಸಿನ ಕೀಲಿ ಬೇರೆಯವರ ಕೈಗೆ. ಡಿಪೋದ ಗಂಡಸರು ಮೊದಲ ದಿನದಿಂದಲೂ ಕಾಯುತ್ತಿದ್ದದ್ದು ಇದನ್ನೇ ಅಲ್ಲವೇ, "ಹೇಳಿರ್ಲಿಲ್ವಾ" ಎನ್ನಲು!

ಕೈ ತಾನಾಗಿ ಪಟ್ಟಿಯ ಕೊಂಡಿ ಬಿಚ್ಚಿತು.

"ಇಲ್ಲಿ ಕೈ ಕೊಡು," ಎಂದಳು.

"ಏನಿದು? ನಂಗಾ?"

"ಹೂಂ. ನೀನು ಎಷ್ಟು ಓಡಾಡ್ತೀಯ ಅಂತ ಎಣಿಸತ್ತೆ. ಸ್ವಲ್ಪ ದಿನ ಹಾಕ್ಕೊಂಡಿರು. ಬಿಚ್ಚಬಾರದು, ಯಾರಿಗೂ ಹೇಳಬಾರದು."

ಮಗಳ ಮುಖ ಅರಳಿತು. ಸಣ್ಣ ಮಣಿಕಟ್ಟಿಗೆ ಪಟ್ಟಿ ದೊಡ್ಡದಾಗಿ, ಕೊನೆಯ ತೂತಿಗೆ ಸಿಕ್ಕಿಸಬೇಕಾಯಿತು. ಒಳಗಿನ ಕೋಣೆಯಲ್ಲಿ ಬೇಕರಿಯ ರಾತ್ರಿ ಪಾಳಿ ಮುಗಿಸಿ ಬಂದ ಅವಳಪ್ಪ ಗೊರಕೆ ಹೊಡೆಯುತ್ತಿದ್ದ. ಅಮ್ಮ ಆ ಕಡೆಗೊಮ್ಮೆ ಕಳ್ಳಿಯ ಹಾಗೆ ನೋಡಿ, ಎಡಗಡೆಯ ಜಡೆಯನ್ನು ಅಡ್ಡಾದಿಡ್ಡಿ ಹೆಣೆದು ಮುಗಿಸಿದಳು.

ಆ ವಾರವೆಲ್ಲ ಮಗಳು ಕಾಲು ನೆಲಕ್ಕೆ ತಾಗಿಸಿ ನಡೆದದ್ದೇ ಕಡಿಮೆ. ಮೆಟ್ಟಿಲನ್ನು ಸುಮ್ಮಸುಮ್ಮನೆ ಹತ್ತುವುದು, ಇಳಿಯುವುದು. ಉಪ್ಪು ತಾ ಎಂದರೆ ಓಡುವುದು, ಬೇಡ ಎಂದರೆ ಮತ್ತೆ ಓಡಿ ಇಟ್ಟು ಬರುವುದು. "ಇವಳಿಗೇನು ಚಕ್ರ ಹಾಕ್ಸಿದ್ಯಾ?" ಎಂದು ಅಪ್ಪ ನಕ್ಕ. ರಾತ್ರಿ ಅವಳು ದಣಿದು ಬಾಯಿ ತೆರೆದು ಮಲಗಿದಾಗ, ಹೊದಿಕೆಯ ಹೊರಗೆ ಬಿದ್ದ ಕೈಯಲ್ಲಿ ಹಸಿರು ದೀಪ ಮಿಣುಕುತ್ತಿತ್ತು. ಅಮ್ಮ ಹೊದಿಕೆ ಎಳೆದು ಅದನ್ನು ಮುಚ್ಚುತ್ತಿದ್ದಳು.

ವಾರ ಕಳೆದು ಪಟ್ಟಿಯನ್ನು ಹಿಂದಿರುಗಿಸುವ ದಿನ ಶಾಲೆಗೆ ರಜೆ. ಮಗಳು ಬೆನ್ನು ಬಿಡಲಿಲ್ಲ. ಎಷ್ಟು ಓಡಿದೆ ಎಂದು ಅವಳಿಗೆ ತಿಳಿಯಲೇಬೇಕಿತ್ತು. ಆಸ್ಪತ್ರೆಯಲ್ಲಿ ಹೊರಗೆ ಕೂರಿಸಿ ಹೋಗೋಣವೆಂದರೆ ಅಲ್ಲಿನ ನರ್ಸು, "ಪರವಾಗಿಲ್ಲ, ಮಗೂನೂ ಬರ್ಲಿ," ಎಂದು ಬಾಗಿಲು ತೆರೆದು ಹಿಡಿದಳು.

ಡಾಕ್ಟರು ಕಂಪ್ಯೂಟರಿನ ಪರದೆಯನ್ನು ನೋಡಿದರು. ಕನ್ನಡಕ ತೆಗೆದು ಒರೆಸಿದರು, ಮತ್ತೆ ಹಾಕಿಕೊಂಡರು.

"ತಮಾಷೆಯಾಗಿದೆ. ಶುರೂನಲ್ಲಿ ಸರಿಯಾಗಿ ಸಿಕ್ಕಿಬಿದ್ದಿದ್ದಾನೆ ಕಳ್ಳ. ಆಮೇಲೆ ಇದ್ದಕ್ಕಿದ್ದ ಹಾಗೆ ಮಾಯ. ಇಲ್ಲಿ ನೋಡಿ, ನಿದ್ದೇಲಿ ಉಸಿರು ಒಳಗೆ ಎಳ್ಕೊಂಡಾಗ ಬಡಿತ ಚುರುಕು, ಬಿಟ್ಟಾಗ ನಿಧಾನ. ಎಷ್ಟು ಚೆಂದ ತೂಗಾಡ್ತಿದೆ! ಇಷ್ಟು ಚೆನ್ನಾಗಿ ತೂಗಾಡೋದು ಮಕ್ಕಳ ಹೃದಯ ಮಾತ್ರ. ನಮ್ಮಂಥವರದ್ದಲ್ಲ."

"ನಾನು... ಚೆನ್ನಾಗಿ ನಿದ್ದೆ ಮಾಡಿದೆ," ಎಂದಳು ಅಮ್ಮ.

"ಹಗಲಲ್ಲಿ ಇಷ್ಟೊಂದು ಓಡಿದ್ದೀರಾ?"

"ಮೆಟ್ಟಿಲು... ಬಸ್ಸಿಗೆ ಹತ್ತೋದು ಇಳಿಯೋದು..."

"ಅದು ನಂದು!" ಕುರ್ಚಿಯಲ್ಲಿ ಕಾಲಾಡಿಸುತ್ತಿದ್ದ ಮಗಳು ಜಿಗಿದೆದ್ದಳು. "ನಾನೇ ಓಡಿದ್ದು! ಅಮ್ಮ ನನ್ನ ಕೈಗೆ ಕಟ್ಟಿದ್ಲು. ಒಟ್ಟು ಎಷ್ಟಾಯ್ತು ಡಾಕ್ಟ್ರೇ?"

ಹೇಳಬಾರದೆಂದದ್ದು ಆಮೇಲೆ ನೆನಪಾಗಿ ಅವಳು ಬಾಯಿಗೆ ಕೈ ಅಡ್ಡ ಹಿಡಿದಳು. ನರ್ಸು ಕಿಟಕಿಯ ಕಡೆಗೆ ಮುಖ ತಿರುಗಿಸಿದಳು. ನೆಲ ಬಾಯಿಬಿಟ್ಟು ನುಂಗಬಾರದೇ ಅನ್ನಿಸಿತು ಅಮ್ಮನಿಗೆ. ಬೈದಿದ್ದರೆ ವಾಸಿಯಿತ್ತು. ಡಾಕ್ಟರು ಬೈಯಲಿಲ್ಲ. ಮಗಳಿಗೆ, "ತುಂಬಾನೇ ಓಡಿದ್ದೀಯ ಪುಟ್ಟಿ, ನಿನ್ನ ಹೃದಯ ಕುದುರೆ ಥರ ಇದೆ," ಎಂದರು. ಆಮೇಲೆ ಅಮ್ಮನ ಕಡೆಗೆ ತಿರುಗಿದರು.

"ಈಗ ನಿಮ್ಮದನ್ನ ನೋಡೋಣವಾ?"

ಅವಳು ತಲೆ ತಗ್ಗಿಸಿಯೇ ಕೈ ಚಾಚಿದಳು. ಡಾಕ್ಟರು ರಕ್ತದೊತ್ತಡ ನೋಡಿದರು. ಹೆಚ್ಚಿತ್ತು. ಮಾತ್ರೆ ತಗೋತೀರಾ ಎಂದು ಕೇಳಿದರು. ಹಿಂದೆಯೇ ಬರೆದುಕೊಟ್ಟಿದ್ದರು, ಹುಷಾರಾಗಿದ್ದೀನಲ್ಲ ಅಂತ ನಾನೇ ಬಿಟ್ಟೆ ಎಂದಳು. ಸಕ್ಕರೆ? ಅದೂ ಸ್ವಲ್ಪ ಇದೆ. ಕಣ್ಣು ಕತ್ತಲೆ? ಈ ಸಲ ಟಯರಿನ ಕತೆಯನ್ನೂ ಹೇಳಿದಳು, ಗೋಡೆಯನ್ನು ನೋಡುತ್ತ.

"ನೋಡಿ, ತಾಳ ತಪ್ಪೋದು ತುಂಬಾ ಜನಕ್ಕಿರತ್ತೆ," ಎಂದರು ಡಾಕ್ಟರು. "ಎಲ್ಲರಿಗೂ ಒಂದೇ ಅಪಾಯ ಅಲ್ಲ. ಬಡಿತ ಹೀಗೆ ನಡುಗಿದಾಗ ರಕ್ತ ಹೃದಯದ ಒಂದು ಮೂಲೇಲಿ ನಿಂತು ಹೆಪ್ಪುಗಟ್ಟಿ ಗಡ್ಡೆಯಾಗಬಹುದು. ಅದು ಮೆದುಳಿಗೆ ಹೋದ್ರೆ ಪಾರ್ಶ್ವವಾಯು. ನಿಮ್ಮಲ್ಲಿ ಒತ್ತಡ ಇದೆ, ಸಕ್ಕರೆ ಇದೆ, ಎರಡನ್ನೂ ನೀವು ಮೂಲೆಗೆ ತಳ್ಳಿದ್ದೀರಿ. ಹಾಗಾಗಿ ನಿಮಗೆ ರಕ್ತ ತೆಳುವಾಗಿಡೋ ಮಾತ್ರೆ ಬೇಕೇ ಬೇಕು. ನಿಮ್ಮ ಮಗಳ ಬಡಿತ ನೋಡಿ, ಚೆನ್ನಾಗಿದ್ದೀರಿ ಹೋಗಿ ಅಂತ ಕಳಿಸಿಬಿಟ್ಟಿದ್ರೆ?"

ಡಾಕ್ಟರು ಮಾತ್ರೆಯ ಚೀಟಿ ಬರೆದು ಅವಳ ಮುಂದಿಟ್ಟರು.

"ಕಣ್ಣು ಕತ್ತಲೆ ಬರೋದು ನಿಲ್ಲೋ ತನಕ ಬಸ್ಸು ಬೇಡ. ಹಿಡಿತಕ್ಕೆ ಬಂದ ಮೇಲೆ ಮತ್ತೆ ನೋಡಿ ಹೇಳ್ತೀನಿ. ಮತ್ತೆ ಓಡಿಸೋಕೇ ಆಗಲ್ಲ ಅಂತೇನೂ ಇಲ್ಲ."

ಹಿಂದಿರುಗುವಾಗ ಇಬ್ಬರೂ ಊರಿನ ಬಸ್ಸು ಹತ್ತಿದರು. ಅಮ್ಮ ಪ್ರಯಾಣಿಕರ ಜಾಗದಲ್ಲಿ ಕೂತು, ಪ್ರತಿ ತಿರುವಿನಲ್ಲೂ ಇಲ್ಲದ ಬ್ರೇಕನ್ನು ಬಲಗಾಲಿನಿಂದ ಒತ್ತುತ್ತಿದ್ದಳು. ಎಷ್ಟು ಹೊತ್ತಾದರೂ ಮಗಳತ್ತ ನೋಡುವ ಧೈರ್ಯ ಬರಲಿಲ್ಲ. ಕೊನೆಗೆ ಫೋನು ತೆಗೆದು, ಬಸ್ಸಿನ ಬಾಗಿಲಲ್ಲಿ ನಿಲ್ಲುವ ಸೀಟಿಗೆ ಕರೆ ಮಾಡಿದಳು.

"ನಾಳೆಯಿಂದ ಬೇರೆ ಡ್ರೈವರು ಬರ್ತಾರೆ. ಮ್ಯಾನೇಜರಿಗೆ ನಾನೇ ಹೇಳ್ತೀನಿ. ನನ್ನ ಹಾರ್ಟು ಸರಿ ಇಲ್ವಂತೆ."

"ಯಾರಕ್ಕಾ ಅದು, ಈ ವಯಸ್ಸಲ್ಲಿ ನಿನ್ನ ಹಾರ್ಟು ಕದ್ದೋರು?" ಸೀಟಿ ಆ ಕಡೆಯಿಂದ ನಕ್ಕಳು. ಇವಳು ನಗಲಿಲ್ಲವೆಂದು ತಿಳಿದು, "ಅಕ್ಕಾ? ನಿಜವಾಗ್ಲೂನಾ?" ಎಂದಳು.

"ಅವತ್ತು ಟಯರು ಕೂತಿರ್ಲಿಲ್ಲ ಕಣೇ," ಎಂದಳು ಅಮ್ಮ.

ಸೀಟಿ, "ಮಾತ್ರೆ ತಗೋ, ಮನೆಗೆ ಹೋಗು," ಎಂದಷ್ಟೇ ಹೇಳಿ ಫೋನಿಟ್ಟಳು. ಅವಳ ದನಿಯಲ್ಲಿ ಸಿಟ್ಟಿತ್ತು. ಇರಬೇಕಾದದ್ದೇ. ಬಾಗಿಲಲ್ಲಿ ದಿನವೂ ಆ ಮಕ್ಕಳನ್ನೆಲ್ಲ ಕೈಹಿಡಿದು ಹತ್ತಿಸುತ್ತಿದ್ದವಳು ಅವಳು.

ಫೋನನ್ನು ಚೀಲಕ್ಕೆ ಹಾಕುವಾಗ ಅಮ್ಮನಿಗೆ ಗೊತ್ತಾಯಿತು, ಮಗಳು ಅಷ್ಟೂ ಕೇಳಿಸಿಕೊಂಡಿದ್ದಾಳೆ. ಕಿಟಕಿಯ ಹೊರಗೆ ನೋಡುತ್ತ, ಪಟ್ಟಿ ಇಲ್ಲದ ತನ್ನ ಮಣಿಕಟ್ಟನ್ನು ಇನ್ನೊಂದು ಕೈಯಿಂದ ಉಜ್ಜಿಕೊಳ್ಳುತ್ತ ಕೂತಿದ್ದಾಳೆ. ಎರಡು ಸಲ ಬಾಯಿ ತೆರೆದಳು, ಎರಡು ಸಲವೂ ಮುಚ್ಚಿಕೊಂಡಳು.

"ಕೇಳು ಮಗಳೇ," ಎಂದಳು ಅಮ್ಮ. "ಏನಿದ್ರೂ ಕೇಳು. ಇನ್ನು ಸುಳ್ಳು ಹೇಳಲ್ಲ."

ಮಗಳು ತಿರುಗಿದಳು.

"ಅಮ್ಮಾ, ನಾನು ಬಾಯಿ ಬಿಡದೇ ಇದ್ದಿದ್ರೆ, ನಾಳೆ ನಮ್ಮನ್ನೆಲ್ಲ ಕೂರಿಸ್ಕೊಂಡು ಹಾಗೇ ಬಸ್ಸು ಓಡಿಸ್ತಿದ್ಯಾ?"